ಕನ್ನಡ ಪುಸ್ತಕ ಕೋಹಾಕ್ಕೆ ಏರಿಸೋದು: ಲಿಪಿ ಯಾವುದು, ಹೆಸರು ಹೆಂಗ?

ಗದಗಿನ ಗ್ರಂಥಪಾಲಕಿ

ಎಲ್ಲರಿಗೂ ನಮಸ್ಕಾರ. ಗದಗಿನ ಒಂದು ಟ್ರಸ್ಟ್ ಗ್ರಂಥಾಲಯಕ್ಕೆ ಹೊಸದಾಗಿ ಸೇರಿದ್ದೇನೆ. ಆರು ಸಾವಿರದ ಆಸುಪಾಸು ಪುಸ್ತಕ. ಮುಕ್ಕಾಲು ಪಾಲು ಕನ್ನಡ, ಉಳಿದದ್ದು ಮರಾಠಿ, ಸಂಸ್ಕೃತ, ಒಂದಿಷ್ಟು ಇಂಗ್ಲಿಷ್. ಪುಸ್ತಕ ಬಂದ ಕ್ರಮದಲ್ಲಿ ನಂಬರು ಕೊಟ್ಟು ಬರೆದಿಟ್ಟ ಕೈಬರಹದ ಅಕ್ಸೆಷನ್ ರಜಿಸ್ಟರ್‌ಗಳು ಚೊಕ್ಕವಾಗಿವೆ. ತೊಂದರೆ ಇರುವುದು ಬೇರೆ ಕಡೆ. ನಾನು ಬರುವ ಮೊದಲೇ ಒಂದು ಏಜೆನ್ಸಿಗೆ ಕೊಟ್ಟು ಎಲ್ಲವನ್ನೂ ಎಕ್ಸೆಲ್‌ನಲ್ಲಿ ಹೊಡೆಸಿದ್ದಾರೆ, ಅದೂ ಕನ್ನಡ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಮನಸ್ಸಿಗೆ ಬಂದ ಸ್ಪೆಲ್ಲಿಂಗ್‌ನಲ್ಲಿ. ಬೇಂದ್ರೆ ಹೆಸರೊಂದಕ್ಕೇ ನಾಲ್ಕು ರೂಪ ಇವೆ. ‘ಗದುಗಿನ ಭಾರತ’ ಒಂದು ಸಾಲಿನಲ್ಲಿ ಲೇಖಕರ ಕಾಲಂಗೆ ಹೋಗಿ ಕೂತಿದೆ.

ಆಡಳಿತ ಮಂಡಳಿಯವರು ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರ್ ಹಾಕಿಸಿದ್ದಾರೆ. ಈ ಎಕ್ಸೆಲ್ ಅನ್ನೇ ಹಾಗೇ ಇಂಪೋರ್ಟ್ ಮಾಡಿ ದಸರೆಯೊಳಗೆ ಮುಗಿಸಿ ಅನ್ನುತ್ತಿದ್ದಾರೆ. ನನಗೆ ಕೈ ಬರುತ್ತಿಲ್ಲ. ಕೇಳಬೇಕಾದ್ದು ಇಷ್ಟು: ಶೀರ್ಷಿಕೆ ಕನ್ನಡದಲ್ಲೇ ಹಾಕಬೇಕೋ, ರೋಮನ್‌ನಲ್ಲೋ, ಎರಡರಲ್ಲೂವೋ? ಲೇಖಕರ ಹೆಸರಿಗೆ ನೀವು ಯಾವ ಕ್ರಮ ಇಟ್ಟುಕೊಂಡಿದ್ದೀರಿ? ಇನ್ನೊಂದು, ಒಂದೇ ರಟ್ಟಿನಲ್ಲಿ ಮೂರ್ಮೂರು ಹಳೇ ಪುಸ್ತಕ ಸೇರಿಸಿ ಹೊಲಿದದ್ದು ಬಹಳ ಇವೆ, ಅವನ್ನು ಹೇಗೆ ತೋರಿಸೋದು?

ಕಾರ್ಡಿನ ಕಾಲದವ, ಧಾರವಾಡ

ಮೇಡಂ, ಮೊದಲ ಆ ಎಕ್ಸೆಲ್ಲಿನ ಒಂದು ಕಾಪಿ ತಗದಿಟ್ಟು ಅದರ ಮ್ಯಾಲಿನ ಆಶಾ ಬಿಡ್ರಿ. ಅಕ್ಸೆಷನ್ ನಂಬರು, ಬೆಲಿ, ಖರೀದಿ ತಾರೀಖು, ಇಷ್ಟ ಅದರಾಗ ಉಪಯೋಗಕ್ಕ ಬರೂದು. ಉಳದದ್ದು ಪುಸ್ತಕ ಕೈಯಾಗ ಹಿಡದ ಬರೀಬೇಕು. ಬ್ಯಾರೆ ದಾರಿ ಇಲ್ಲ.

ಲಿಪಿ ಬಗ್ಗೆ ವಾದ ಮಾಡೂದ ಬ್ಯಾಡ. 1978ರ ಎಎಸಿಆರ್-2 ಅನ್ನೂ ಸೂಚೀಕರಣದ ನಿಯಮಪುಸ್ತಕ ಇದ್ದಾಗಲೂ ನಿಯಮ ಇದ್ದದ್ದು ಇದ: ಶೀರ್ಷಿಕೆ, ಆವೃತ್ತಿ, ಪ್ರಕಾಶನದ ವಿವರ, ಮಾಲಿಕೆ, ಇವನ್ನ ಪುಸ್ತಕ ಯಾವ ಭಾಷಾ-ಲಿಪಿಯೊಳಗ ಅದನೋ ಅದರಾಗ ಬರೀರಿ. ಅದರ ಜಾಗಾಕ್ಕ ಆರ್‌ಡಿಎ ಬಂದ ಮ್ಯಾಲೂ ಅದೇನ ಬದಲಾಗಿಲ್ಲ. ಮುಖಪುಟದೊಳಗ (ಒಳಗಿನ ಶೀರ್ಷಿಕೆ ಪುಟ) ಕನ್ನಡ ಅದ ಅಂದ್ರ ಶೀರ್ಷಿಕೆ ಬರೂ 245ರೊಳಗ ಕನ್ನಡ. ಈ ನಂಬರು ಅಂದ್ರ ಮಾರ್ಕ್ ಅನ್ನೂ ಕಂಪ್ಯೂಟರ್ ದಾಖಲೆ ನಮೂನಿಯ ಫೀಲ್ಡು, ಒಂದೊಂದು ವಿವರಕ್ಕ ಒಂದೊಂದು. ರೋಮನ್ ಹಾಕೂ ಪದ್ಧತಿ ಬಂದದ್ದು ಅಮೆರಿಕಾದ ಲೈಬ್ರರಿಗಳಿಂದ. ಅವರಿಗೆ ಎಲ್ಲಾ ಭಾಷಾದ ಕಾರ್ಡು ಒಂದ ಅಕಾರಾದಿಯೊಳಗ ಕೂಡಸಬೇಕಾಗಿತ್ತು, ಅವರ ಅಡಚಣಿ ಅದು. ಗದಗಿನ ಓದುಗಗ ಆ ಅಡಚಣಿ ಯಾಕ?

ಆದರ ಒಂದ ಮಾತು. ಪುಸ್ತಕಕ್ಕ ಕೈ ಹಚ್ಚೂಕಿಂತ ಮೊದಲ ನಿಮ್ಮ ಲೈಬ್ರರಿದ್ದ ಒಂದು ನಿಯಮದ ಹಾಳಿ ಬರಕೋರಿ. ಹೆಸರು ಹಿಂಗ, ‘ಶ್ರೀ’ ಬಂದ್ರ ಹಿಂಗ, ತಾರೀಖು ಇಲ್ಲಂದ್ರ ಹಿಂಗ. ನೂರು ಪುಸ್ತಕ ಆದ ಮ್ಯಾಲೆ ನಿಯಮ ಮಾಡತೀನಂದ್ರ ಆ ನೂರೂ ತಿರಗಿ ಮಾಡಬೇಕಾಗ್ತದ.

ಕೋಹಾ ಹುಡುಗ, ಹುಬ್ಬಳ್ಳಿ

ಸರ್ ಹೇಳಿದ್ದಕ್ಕೆ ನನ್ನದೂ ಹೂಂ. 245 ಕನ್ನಡದಲ್ಲೇ ಇರಲಿ. ಆದರೆ ರೋಮನ್ ಪೂರ್ತಿ ಬಿಡಬೇಡಿ ಮೇಡಂ. ನಮ್ಮ ಕಾಲೇಜಿನ ಹುಡುಗರು ಕನ್ನಡ ಓದುತ್ತಾರೆ, ಫೋನಿನಲ್ಲಿ ಟೈಪ್ ಮಾಡೋದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ನಾನು ಬೇರೆ ಶೀರ್ಷಿಕೆಗಳ ಫೀಲ್ಡ್ ಆದ 246ರಲ್ಲಿ, ಮೊದಲ ಇಂಡಿಕೇಟರ್ (ಫೀಲ್ಡ್ ಹೇಗೆ ನಡೆಯಬೇಕೆಂದು ಹೇಳುವ ಅಂಕಿ) 3 ಇಟ್ಟು, ರೋಮನ್ ರೂಪ ಒಂದು ಹಾಕುತ್ತೇನೆ. ಚುಕ್ಕಿ, ಗೆರೆ ಯಾವುದೂ ಇಲ್ಲದ, ಜನ ಟೈಪ್ ಮಾಡುವಂಥ ರೂಪ. 246 ಶೀರ್ಷಿಕೆ ಇಂಡೆಕ್ಸ್‌ಗೆ ಹೋಗುವುದರಿಂದ ಹುಡುಕಿದರೆ ಸಿಗುತ್ತದೆ.

ಹೊಸ ಫ್ರೇಮ್‌ವರ್ಕ್ (ತುಂಬಬೇಕಾದ ಫೀಲ್ಡ್‌ಗಳ ಖಾಲಿ ನಮೂನೆ) ಒಂದು ಮಾಡಿಕೊಳ್ಳಿ, ‘ಕನ್ನಡ ಪುಸ್ತಕ’ ಅಂತ. ಡಿಫಾಲ್ಟ್ ಫ್ರೇಮ್‌ವರ್ಕ್‌ನಲ್ಲಿ ಬರುವ ಫೀಲ್ಡ್ ನೋಡಿದರೇ ತಲೆ ತಿರುಗುತ್ತದೆ. ಬೇಡದ್ದನ್ನೆಲ್ಲ ಮುಚ್ಚಿ, 942ರಲ್ಲಿ ಐಟಂ ಟೈಪ್ ಮತ್ತು 952ರಲ್ಲಿ ನಿಮ್ಮ ಗ್ರಂಥಾಲಯದ ಕೋಡ್ ಮೊದಲೇ ತುಂಬಿಡಿ. 008ರಲ್ಲಿ ಭಾಷಾ ಕೋಡ್ 35ರಿಂದ 37ನೇ ಸ್ಥಾನದಲ್ಲಿ ಕೂರುತ್ತದೆ, ಡಿಫಾಲ್ಟ್ ಇಂಗ್ಲಿಷ್ ಇರುತ್ತದೆ, ಅದನ್ನು ಬದಲಿಸದಿದ್ದರೆ ನಿಮ್ಮ ಕನ್ನಡ ಪುಸ್ತಕಗಳೆಲ್ಲ ಇಂಗ್ಲಿಷ್ ಪುಸ್ತಕಗಳ ಲೆಕ್ಕಕ್ಕೆ ಸೇರುತ್ತವೆ.

ವಿಶ್ವವಿದ್ಯಾಲಯದ ಸಂಶೋಧಕಿ, ಧಾರವಾಡ

246ರ ಉಪಾಯಕ್ಕೆ ನನ್ನ ತಕರಾರಿದೆ. 246 ಇರುವುದು ಪುಸ್ತಕದ ಬೇರೆ ಶೀರ್ಷಿಕೆಗಳಿಗೆ: ಬೆನ್ನಿನ ಮೇಲೆ ಬೇರೆ, ರಕ್ಷಾಪುಟದ ಮೇಲೆ ಬೇರೆ ಇದ್ದಾಗ. ಅದೇ ಶೀರ್ಷಿಕೆಯ ಇನ್ನೊಂದು ಲಿಪಿಯ ರೂಪಕ್ಕೆ ಮಾರ್ಕ್‌ನಲ್ಲಿ 880 ಎಂಬ ಸ್ವಂತ ಜಾಗವೇ ಇದೆ. ಸಬ್‌ಫೀಲ್ಡ್ (ಫೀಲ್ಡ್‌ನ ಒಳಭಾಗ) 6ರಿಂದ 245ಕ್ಕೂ 880ಕ್ಕೂ ಗಂಟು ಹಾಕಬಹುದು. ನಾಳೆ ನಿಮ್ಮ ದತ್ತಾಂಶವನ್ನು ಇನ್‌ಫ್ಲಿಬ್‌ನೆಟ್‌ನ (ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲ) ಒಕ್ಕೂಟ ಸೂಚಿಗೋ ಬೇರೆ ಗ್ರಂಥಾಲಯಕ್ಕೋ ಕೊಡುವಾಗ, 246ರಲ್ಲಿರುವುದು ಲಿಪ್ಯಂತರವೋ ನಿಜವಾಗಿ ಬೇರೆ ಶೀರ್ಷಿಕೆಯೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಹೊರಗಿನವರು ಕನ್ನಡ ಪುಸ್ತಕ ಹುಡುಕುವುದು ಚುಕ್ಕಿ-ಗೆರೆಗಳ ಪ್ರಮಾಣಿತ ಲಿಪ್ಯಂತರದಲ್ಲಿ. ಅಮೆರಿಕದ ಗ್ರಂಥಾಲಯಗಳ ಎಎಲ್‌ಎ-ಎಲ್‌ಸಿ ಲಿಪ್ಯಂತರ ಪಟ್ಟಿಯಲ್ಲಿ ಕನ್ನಡಕ್ಕೆ ಪ್ರತ್ಯೇಕ ಕೋಷ್ಟಕವಿದೆ, 2001ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15919 ಸಹ ಇದೆ. ಯಾವುದಾದರೂ ಒಂದನ್ನು ಹಿಡಿಯಿರಿ.

ಕೋಹಾ ಹುಡುಗ, ಹುಬ್ಬಳ್ಳಿ

ಮೇಡಂ, ಪುಸ್ತಕದ ಪ್ರಕಾರ ನೀವು ಹೇಳಿದ್ದೇ ಸರಿ. ಆದರೆ ಒಬ್ಬರೇ ಇರುವ ಗ್ರಂಥಾಲಯ ಅದು. ಸಬ್‌ಫೀಲ್ಡ್ 6ರ ಗಂಟು ಕೈಯಿಂದ ಹಾಕುವಾಗ ಒಂದು ಅಂಕಿ ತಪ್ಪಿದರೂ ಜೋಡಿ ಕಳಚುತ್ತದೆ, ತೆರೆಯ ಮೇಲೆ ಎಲ್ಲಿಯದೋ ಎಲ್ಲಿಯೋ ಬರುತ್ತದೆ. ಆರು ಸಾವಿರ ಪುಸ್ತಕಕ್ಕೆ ಅದನ್ನು ಯಾರು ತಿದ್ದುತ್ತಾರೆ? ಲಿಪ್ಯಂತರ ಕನ್ನಡದಿಂದ ಯಾವಾಗ ಬೇಕಾದರೂ ಯಂತ್ರದಿಂದಲೇ ತೆಗೆಯಬಹುದು. ಮೂಲ ಕನ್ನಡ ಶುದ್ಧ ಇದ್ದರೆ ಸಾಕು, 880 ನಾಳೆ ಸ್ಕ್ರಿಪ್ಟ್ ಬರೆದು ಹುಟ್ಟಿಸಬಹುದು. ಉಲ್ಟಾ ಆಗೋದಿಲ್ಲ. ಈ ಎಕ್ಸೆಲ್‌ನಿಂದ ಕನ್ನಡ ತೆಗೆಯಿರಿ ನೋಡೋಣ, ‘ಕಳೆ’ ಯಾವುದು ‘ಕಲೆ’ ಯಾವುದು ಗೊತ್ತಾಗಲ್ಲ.

ವಿಶ್ವವಿದ್ಯಾಲಯದ ಸಂಶೋಧಕಿ, ಧಾರವಾಡ

ಆ ಕಡೆಯ ಮಾತು ಒಪ್ಪಿದೆ. ಕನ್ನಡದಿಂದ ರೋಮನ್‌ಗೆ ಹೋಗುವ ದಾರಿ ಮಾತ್ರ ತೆರೆದಿದೆ. ಹಾಗಾದರೆ 246ರ ರೋಮನ್ ಅನ್ನು ಇತರ 246ಗಳಿಂದ ಬೇರೆ ಮಾಡಲು ಸಬ್‌ಫೀಲ್ಡ್ ‘ಐ’ನಲ್ಲಿ ‘ರೋಮನ್ ಲಿಪಿಯಲ್ಲಿ’ ಎಂದು ಒಂದೇ ಒಕ್ಕಣೆಯಲ್ಲಿ ಬರೆದಿಡಿ. ಮುಂದೆ ಆರಿಸಿ ತೆಗೆಯಲು ಬರುತ್ತದೆ.

ಗದಗಿನ ಗ್ರಂಥಪಾಲಕಿ

ಪರೀಕ್ಷೆಗೆ ಐವತ್ತು ಪುಸ್ತಕ ಕನ್ನಡದಲ್ಲೇ ಹಾಕಿದೆ. ಈಗ ಹೊಸ ಫಜೀತಿ. ರೆಕಾರ್ಡ್ ತೆರೆದರೆ ಕನ್ನಡ ಸರಿಯಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ‘ಭಾರತ’ ಅಂದರೆ ಸಂಬಂಧವಿಲ್ಲದ್ದೆಲ್ಲ ಬರುತ್ತದೆ, ‘ಕ್ರಾಂತಿ’ ಅಂದರೆ ಒಂದೂ ಬರುವುದಿಲ್ಲ.

ಕೋಹಾ ಹುಡುಗ, ಹುಬ್ಬಳ್ಳಿ

ಇದು ನಿಮ್ಮ ಡೇಟಾದ ತೊಂದರೆ ಅಲ್ಲ. ಕೋಹಾದ ಹಿಂದೆ ಜೀಬ್ರಾ ಅಂತ ಹುಡುಕು ಯಂತ್ರ ಇರುತ್ತದೆ. ಇನ್‌ಸ್ಟಾಲ್ ಮಾಡಿದವರು ಅದನ್ನು ಸಿಎಚ್‌ಆರ್ ಇಂಡೆಕ್ಸಿಂಗ್‌ನಲ್ಲೇ ಬಿಟ್ಟಿರುತ್ತಾರೆ. ಅದು ಲ್ಯಾಟಿನ್ ಅಕ್ಷರಕ್ಕೆ ಮಾಡಿದ್ದು. ನಮ್ಮ ಕಾಗುಣಿತ, ಒತ್ತಕ್ಷರ ಅದಕ್ಕೆ ತಿಳಿಯುವುದಿಲ್ಲ. ಜೀಬ್ರಾದ ಡಿಫಾಲ್ಟ್ ಐಡಿಎಕ್ಸ್ ಫೈಲಿನಲ್ಲಿ ಅಕ್ಷರಪಟ್ಟಿಯ ಸಾಲು ತೆಗೆದು ಯೂನಿಕೋಡ್ ಲಿಪಿಗಳನ್ನು ತಿಳಿಯುವ ಐಸಿಯು ಚೈನ್ ಹಾಕಬೇಕು, ಆಮೇಲೆ ಪೂರ್ತಿ ರೀಬಿಲ್ಡ್ ಓಡಿಸಬೇಕು. ಸರ್ವರ್ ನೋಡಿಕೊಳ್ಳುವವರಿಗೆ ‘ಐಸಿಯು ಮಾಡಿ, ಫುಲ್ ರೀಇಂಡೆಕ್ಸ್ ಮಾಡಿ’ ಅಂದರೆ ಸಾಕು, ಗೊತ್ತಾಗುತ್ತದೆ. ಜೀಬ್ರಾ ಬದಲು ಎಲಾಸ್ಟಿಕ್‌ಸರ್ಚ್ ಹಾಕಿಕೊಂಡವರೂ ಇದ್ದಾರೆ, ಸಣ್ಣ ಗ್ರಂಥಾಲಯಕ್ಕೆ ಅಷ್ಟು ಭಾರ ಬೇಡ.

ಇಷ್ಟಾದ ಮೇಲೂ ಕೆಲವು ಪದ ತಪ್ಪಿಸಿಕೊಳ್ಳುತ್ತವೆ. ಕಾರಣ ಕಣ್ಣಿಗೆ ಕಾಣದ ಅಕ್ಷರ. ‘ರಾಜ್‌ಕುಮಾರ್’ ಅಂತ ಬರೆಯುವಾಗ ‘ಜ’ ಅರ್ಧಕ್ಕೆ ನಿಲ್ಲಲಿ, ‘ಕ’ ಒತ್ತಾಗದಿರಲಿ ಅಂತ ನಡುವೆ ಒಂದು ಶೂನ್ಯ ಅಗಲದ ಅಕ್ಷರ ಹೋಗುತ್ತದೆ. ಒಬ್ಬರು ಅದನ್ನು ಹಾಕಿ ಟೈಪ್ ಮಾಡಿದ್ದು, ಇನ್ನೊಬ್ಬರು ಹಾಕದೆ ಹುಡುಕಿದ್ದು, ಎರಡೂ ಯಂತ್ರಕ್ಕೆ ಬೇರೆ ಬೇರೆ. ಐಸಿಯು ಚೈನ್‌ನಲ್ಲೇ ಒಂದು ಸಾಲು ಸೇರಿಸಿ ಆ ಅಕ್ಷರವನ್ನು ಇಂಡೆಕ್ಸ್ ಮಾಡುವಾಗ ಉದುರಿಸುವಂತೆ ಮಾಡಬಹುದು. ರೆಕಾರ್ಡ್‌ನಲ್ಲಿ ಮಾತ್ರ ಇರಲಿ, ತೆಗೆದರೆ ಓದಲು ಅಸಹ್ಯ ಆಗುತ್ತದೆ.

ಪಂಚಾಯ್ತಿ ಲೈಬ್ರರಿ, ಹಾವೇರಿ ಜಿಲ್ಲೆ

ಇಲ್ಲೊಂದು ಮಾತು ಸೇರಸ್ತೀನ್ರಿ. ಹಳೇ ಲಿಸ್ಟ್ ‘ನುಡಿ’ ಸಾಫ್ಟ್‌ವೇರಿನೊಳಗ ಟೈಪ್ ಮಾಡಿದ್ದು ಯಾರ ಹತ್ರರ ಇದ್ರ ಹುಷಾರು. ಹಳೇ ನುಡಿ, ಬರಹ ಫಾಂಟ್‌ನಾಗ ಇರೂದು ಯೂನಿಕೋಡ್ ಅಲ್ಲ. ಫಾಂಟ್ ತಗದ್ರ ಒಳಗ ಇರೂದೆಲ್ಲ ಇಂಗ್ಲಿಷ್ ಚಿಹ್ನಿ. ಪರಿವರ್ತಕ ಅದಾವು, ಒಂದ ಗುಂಡಿ ಒತ್ತಿದ್ರ ಆಗತೈತಿ, ಆದ್ರ ಆದ ಮ್ಯಾಲೆ ಅರ್ಕಾವತ್ತು ಒಂದ ನೋಡಬೇಕು. ಫಾಂಟಿನಾಗ ಅರ್ಕಾವತ್ತು ಅಕ್ಷರದ ಹಿಂದಿಂದ ಬರತೈತಿ, ಯೂನಿಕೋಡ್‌ನಾಗ ‘ರ್’ ಮೊದಲ ಬರಬೇಕು. ‘ಧರ್ಮ’, ‘ಕರ್ನಾಟಕ’, ‘ಸರ್ವಜ್ಞ’ ಇಂಥಾವು ಕೆಲವು ಪರಿವರ್ತಕದಾಗ ಮುರಕೊಂಡ ಬರತಾವು. ನಾ ಫೈಲ್ ಕೈಯಾಗ ಬಂದ ಕೂಡ್ಲೇ ಮೊದಲ ‘ಕರ್ನಾಟಕ’ ಹುಡುಕಿ ನೋಡತೀನಿ. ಕನ್ನಡ ಪುಸ್ತಕದ ಪಟ್ಟಿಯೊಳಗ ಆ ಪದ ಇರಲಾರದ ಇರೂದಿಲ್ಲ. ಅದು ಸರಿ ಇದ್ರ ಮುಂದಿಂದು.

ನಮ್ಮ ಕಡೆ ಅರಿವು ಕೇಂದ್ರದಾಗ ಇಷ್ಟೆಲ್ಲಾ ಮಾರ್ಕ್ ಇಲ್ಲ ಬಿಡ್ರಿ. ಶೀರ್ಷಿಕೆ, ಲೇಖಕ, ವರ್ಗಸಂಖ್ಯೆ, ಮುಗೀತು.

ಗದಗಿನ ಗ್ರಂಥಪಾಲಕಿ

ಐಸಿಯು ಮಾಡಿಸಿದೆ. ಹುಡುಕಾಟ ಸರಿಹೋಯಿತು, ಬಹಳ ಉಪಕಾರವಾಯಿತು. ಈಗ ಹೆಸರಿನ ಬಗ್ಗೆ ಹೇಳಿ ಸರ್, ಇದರಲ್ಲೇ ನಿಂತುಬಿಟ್ಟಿದ್ದೇನೆ.

ಕಾರ್ಡಿನ ಕಾಲದವ, ಧಾರವಾಡ

ಹೆಸರು ಅಂದ್ರ ದೊಡ್ಡ ಪುರಾಣ. ನಮ್ಮ ಸೀಮಿಯೊಳಗ ಅಡ್ಡಹೆಸರು ಗಟ್ಟಿ ಇರ್ತದ. ಬೇಂದ್ರೆ, ಗೋಕಾಕ, ಕಣವಿ, ಇವು ಕಡಿಗೆ ಬರ್ತಾವ, ಅವನ್ನ ಮುಂದ ತರೂದು: ‘ಬೇಂದ್ರೆ, ದ. ರಾ.’, ‘ಕಣವಿ, ಚೆನ್ನವೀರ’. ಜೀವಿತದ ಇಸವಿ ಗೊತ್ತಿದ್ರ ಸಬ್‌ಫೀಲ್ಡ್ ‘ಡಿ’ಯೊಳಗ ಬರೀರಿ, 1896-1981, 1928-2022. ಮೈಸೂರು ಕಡೆಯವರಿಗೆ ಈ ಲೆಕ್ಕ ಹಚ್ಚಬ್ಯಾಡ್ರಿ. ಅಲ್ಲಿ ಮುಂದಿನ ಅಕ್ಷರ ಊರಿಂದು, ಅಪ್ಪಂದು. ಕಡೀದು ಸ್ವಂತ ಹೆಸರು. ‘ಅನಂತಮೂರ್ತಿ, ಯು. ಆರ್.’ ಇಡೀ ಒಂದ ಹೆಸರು, ಅದನ್ನ ಒಡದು ‘ಮೂರ್ತಿ’ ಅಂತ ಮಾಡಿದ ಕಾರ್ಡು ನಾ ಕಣ್ಣಾರೆ ಕಂಡೀನಿ. ಯಂತ್ರಕ್ಕ ಬಿಟ್ರ ಕಡೀ ಪದ ತಗದು ಮುಂದ ಹಾಕ್ತದ, ಅದಕ್ಕ ಧಾರವಾಡ ಯಾವುದು, ತೀರ್ಥಹಳ್ಳಿ ಯಾವುದು ಗೊತ್ತಾಗೂದಿಲ್ಲ.

ಡಾ., ಪ್ರೊ., ಶ್ರೀ ಇವು ಲೇಖಕರ ಹೆಸರಿನ ಫೀಲ್ಡು 100ರೊಳಗ ಬರಬಾರದು. ಅವು ಬಂದ್ರ ಅರ್ಧ ಕರ್ನಾಟಕ ‘ಡ’ ಅಕ್ಷರದೊಳಗ ಕೂಡ್ತದ.

ನೀವು ಗದಗಿನ್ಯಾಗ ಇರೂದ್ರಿಂದ ಸ್ವಾಮಿಗಳ ಹೆಸರು ಬಹಳ ಬರ್ತಾವ, ಅಲ್ಲಿ ಇನ್ನೂ ಎಚ್ಚರಿಕಿ ಬೇಕು. ತೋಂಟದ ಸಿದ್ಧಲಿಂಗ ಅಂದ್ರ ಒಬ್ಬರು ಎಡೆಯೂರಿನ ಶಿವಯೋಗಿಗಳು, ವಚನಕಾರರು, ಹಳಬರು. ಇನ್ನೊಬ್ಬರು 2018ರೊಳಗ ಲಿಂಗೈಕ್ಯರಾದ ನಿಮ್ಮ ಗದಗಿನ ಮಠದ ಸ್ವಾಮಿಗಳು. ಇಬ್ಬರ ಪುಸ್ತಕಾನೂ ನಿಮ್ಮಲ್ಲಿ ಇರ್ತಾವ. ಒಬ್ಬರ ಹೆಸರಿನ ಕೆಳಗ ಇಬ್ಬರನೂ ಕೂಡ್ಸಿದ್ರ ಐದು ನೂರು ವರ್ಷದ ಅಂತರ ಒಂದ ಸಾಲಿನ್ಯಾಗ ಮುಗದ್ಹೋಗ್ತದ. ಮಠದ ಹೆಸರು, ಊರು, ಕಾಲ, ಇವನ್ನ ಸೇರಿಸಿ ಬ್ಯಾರೆ ಬ್ಯಾರೆ ಅಥಾರಿಟಿ ರೆಕಾರ್ಡ್ (ಒಬ್ಬರ ಒಪ್ಪಿದ ಹೆಸರು, ಉಳದ ಹೆಸರು ಕೂಡಿಸಿಟ್ಟ ದಾಖಲೆ) ಮಾಡ್ರಿ.

ವಿಶ್ವವಿದ್ಯಾಲಯದ ಸಂಶೋಧಕಿ, ಧಾರವಾಡ

ಸರ್ ಒಂದನ್ನು ಹಾರಿಸಿದರು: ಕಾವ್ಯನಾಮ. ಬೇಂದ್ರೆಯವರ ಕವನ ಸಂಕಲನಗಳ ಮೇಲೆ ‘ಅಂಬಿಕಾತನಯದತ್ತ’, ಗದ್ಯ ಮತ್ತು ವಿಮರ್ಶೆಯ ಮೇಲೆ ದ. ರಾ. ಬೇಂದ್ರೆ. ಆರ್‌ಡಿಎ ಪ್ರಕಾರ ಒಬ್ಬ ವ್ಯಕ್ತಿ ಎರಡು ಹೆಸರಿನಲ್ಲಿ ಎರಡು ಬಗೆಯ ಬರಹ ಮಾಡಿದ್ದರೆ ಅವು ಎರಡು ಗುರುತುಗಳು. ಎರಡಕ್ಕೂ ಪ್ರತ್ಯೇಕ ಅಥಾರಿಟಿ ರೆಕಾರ್ಡ್ ಮಾಡಿ ಅದರ 500ರಲ್ಲಿ ‘ಇದನ್ನೂ ನೋಡಿ’ ಹಾಕಬೇಕು. ಗೋಕಾಕರಿಗೂ ‘ವಿನಾಯಕ’ ಇದೆ.

ಕಾರ್ಡಿನ ಕಾಲದವ, ಧಾರವಾಡ

ಮೇಡಂ, ಸಾಧನಕೇರಿಯೊಳಗ ನಿಂತು ಬೇಂದ್ರೆಯವರನ್ನ ಎರಡು ಮಾಡೂ ಧೈರ್ಯ ನನಗಂತೂ ಇಲ್ಲ!

ನಗಿ ಮಾತು ಇರಲಿ. ಆ ನಿಯಮ ಓದುಗರು ಎರಡು ಹೆಸರನ್ನ ಇಬ್ಬರಂತ ತಿಳಕೊಂಡಲ್ಲಿ ಛಲೋ. ಇಲ್ಲಿ ಕವನ ಬೇಕಾದವರೂ ‘ಬೇಂದ್ರೆ’ ಅಂತನ ಕೇಳ್ತಾರ. ಎಲ್ಲಾ ಬೇಂದ್ರೆ ಹೆಸರಿನ ಕೆಳಗ ಇಟ್ಟು ಅಂಬಿಕಾತನಯದತ್ತ ಅನ್ನೂದನ್ನ ಅಥಾರಿಟಿಯ 400ರೊಳಗ (ಬದಲಿ ಹೆಸರಿನ ಜಾಗಾ) ಹಾಕ್ರಿ. ಮುಖಪುಟದ ಮ್ಯಾಲೆ ಏನ ಇತ್ತೋ ಅದು 245ರ ಸಬ್‌ಫೀಲ್ಡ್ ‘ಸಿ’ಯೊಳಗ ಹಂಗ ಉಳೀತದಲ್ಲ, ಏನೂ ಕಳೀಲಿಲ್ಲ. ಅವರು ಮರಾಠಿಯೊಳಗೂ ಬರದಾರ, ಆ ಪುಸ್ತಕದ ಮ್ಯಾಲಿನ ದೇವನಾಗರಿ ಹೆಸರೂ ಅದ 400ಕ್ಕ ಹೋಗ್ಲಿ. ಇನ್ನ ಕೆಲವರಿಗೆ ಕಾವ್ಯನಾಮನ ಹೆಸರಾಗೇದ, ಕುವೆಂಪು ಅಂದ್ರ ಕುವೆಂಪು. ಗಳಗನಾಥರಿಗೆ ವೆಂಕಟೇಶ ತಿರಕೋ ಕುಲಕರ್ಣಿ ಅಂತ ಹುಡುಕೂ ಓದುಗ ಯಾರೂ ಬರೂದಿಲ್ಲ, ಆದರೂ 400ರೊಳಗ ಅದು ಇರಬೇಕು, ಯಾಕಂದ್ರ ಹಳೇ ಪುಸ್ತಕದ ಮ್ಯಾಲೆ ಆ ಹೆಸರು ಕಾಣ್ಸೂದು ಅದ.

ಕೋಹಾ ಹುಡುಗ, ಹುಬ್ಬಳ್ಳಿ

ಇದಕ್ಕೆ ಕೋಹಾದಲ್ಲಿ ಒಂದು ಸಿಸ್ಟಮ್ ಪ್ರಿಫರೆನ್ಸ್ ಇದೆ, ‘ಇನ್‌ಕ್ಲೂಡ್ ಸೀ ಫ್ರಮ್ ಇನ್ ಸರ್ಚಸ್’ ಅಂತ. ಅದನ್ನು ಆನ್ ಮಾಡಿ ರೀಇಂಡೆಕ್ಸ್ ಮಾಡಿದರೆ, ಅಥಾರಿಟಿಯ 400ರಲ್ಲಿರುವ ಹೆಸರುಗಳೂ ಪುಸ್ತಕದ ಜೊತೆ ಇಂಡೆಕ್ಸ್ ಆಗುತ್ತವೆ. ಆಗ ಯಾರಾದರೂ ‘ಅಂಬಿಕಾತನಯದತ್ತ’ ಅಂತ ಹೊಡೆದರೂ ಬೇಂದ್ರೆ ಪುಸ್ತಕ ಎಲ್ಲಾ ಬರುತ್ತವೆ. ರೋಮನ್ ರೂಪಗಳನ್ನೂ ಅಲ್ಲೇ 400ರಲ್ಲಿ ಹಾಕಿಬಿಡಿ. ನಿಮ್ಮ ಎಕ್ಸೆಲ್‌ನ ಆ ನಾಲ್ಕು ಸ್ಪೆಲ್ಲಿಂಗ್‌ಗೆ ಕಡೆಗೂ ಒಂದು ಉಪಯೋಗ ಆಯಿತು ನೋಡಿ! ಒಂದು ಸಲ ಹಾಕಿದ್ದು ಅವರ ಅಷ್ಟೂ ಪುಸ್ತಕಕ್ಕೆ ನಡೆಯುತ್ತದೆ. ಆದರೆ ಪುಸ್ತಕದ 100ನೇ ಫೀಲ್ಡ್ ಅಥಾರಿಟಿಗೆ ಲಿಂಕ್ ಆಗಿರಬೇಕು, ಸಬ್‌ಫೀಲ್ಡ್ 9ರಲ್ಲಿ ನಂಬರು ಬಂದಿರಬೇಕು. ಬರೀ ಟೈಪ್ ಮಾಡಿ ಬಿಟ್ಟರೆ ಇದು ಕೆಲಸ ಮಾಡುವುದಿಲ್ಲ.

ಗದಗಿನ ಗ್ರಂಥಪಾಲಕಿ

ಕುಮಾರವ್ಯಾಸನದ್ದೇ ನಮ್ಮಲ್ಲಿ ಒಂದು ಕಪಾಟು ಇದೆ. ಕೆಲವದರ ಮೇಲೆ ‘ಕರ್ಣಾಟ ಭಾರತ ಕಥಾಮಂಜರಿ’, ಕೆಲವದರ ಮೇಲೆ ‘ಗದುಗಿನ ಭಾರತ’, ‘ಕುಮಾರವ್ಯಾಸ ಭಾರತ’. ಒಂದೊಂದೇ ಪರ್ವದ ಬಿಡಿ ಪುಸ್ತಕಗಳೂ ಇವೆ. ಲೇಖಕ ಕೆಲವು ಕಡೆ ನಾರಣಪ್ಪ.

ವಿಶ್ವವಿದ್ಯಾಲಯದ ಸಂಶೋಧಕಿ, ಧಾರವಾಡ

ಏಕರೂಪ ಶೀರ್ಷಿಕೆಯ (ಹಲವು ಹೆಸರಿನ ಒಂದು ಕೃತಿಗೆ ಆರಿಸಿಡುವ ಒಂದೇ ಹೆಸರು) ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿ ಸಿಗಲಿಕ್ಕಿಲ್ಲ, ಅದೂ ವೀರನಾರಾಯಣ ಗುಡಿಯ ಊರಿನಲ್ಲೇ ಕೇಳುತ್ತಿದ್ದೀರಿ. 1501ಕ್ಕಿಂತ ಹಿಂದಿನ ಕೃತಿಯಾದರೆ, ಇಂದಿನ ಆಕರ ಗ್ರಂಥಗಳಲ್ಲಿ ಅದು ಯಾವ ಹೆಸರಿನಿಂದ ಗುರುತಾಗಿದೆಯೋ ಅದನ್ನು 240ರಲ್ಲಿ ಹಾಕಬೇಕು. ನಾನಾದರೆ ‘ಕರ್ಣಾಟ ಭಾರತ ಕಥಾಮಂಜರಿ’ ಆರಿಸುತ್ತೇನೆ. ಉಳಿದವೆಲ್ಲ ಹೆಸರು-ಶೀರ್ಷಿಕೆ ಅಥಾರಿಟಿಯಲ್ಲಿ 400 ಆಗುತ್ತವೆ. ‘ಕರ್ಣಾಟ’, ‘ಕರ್ನಾಟ’ ಎರಡು ಕಾಗುಣಿತವೂ ಇರಲಿ. ಬಿಡಿ ಪರ್ವಕ್ಕೆ 240ರಲ್ಲೇ ಸಬ್‌ಫೀಲ್ಡ್ ‘ಪಿ’ ಹಾಕಿ ‘ಕರ್ಣಪರ್ವ’ ಎಂದು ಬರೆದರೆ, ಇಡೀ ಕಾವ್ಯದ ಜೊತೆಗೇ ಸಾಲಾಗಿ ಕೂರುತ್ತದೆ. 100ರಲ್ಲಿ ಕುಮಾರವ್ಯಾಸ, ನಾರಣಪ್ಪ 400ರಲ್ಲಿ. ಸಂಪಾದಕರು, ಗದ್ಯಾನುವಾದ ಮಾಡಿದವರು ಇತರ ಹೆಸರುಗಳ ಫೀಲ್ಡ್ 700ಕ್ಕೆ. 245 ಮಾತ್ರ ಮುಖಪುಟದಲ್ಲಿ ಇದ್ದದ್ದು ಇದ್ದ ಹಾಗೆ, ಕಾಗುಣಿತ ತಿದ್ದುವ ಆಸೆ ಬೇಡ.

ಈ ಸಂದರ್ಭದಲ್ಲೇ ‘ಶ್ರೀ’ ಬಗ್ಗೆ: ‘ಶ್ರೀ’, ‘ಶ್ರೀಮದ್’ ಇಂಗ್ಲಿಷಿನ ಆರ್ಟಿಕಲ್ ಅಲ್ಲ, ಆದ್ದರಿಂದ ಅಕಾರಾದಿಯಲ್ಲಿ ಮೊದಲ ಎಷ್ಟು ಅಕ್ಷರ ಬಿಡಬೇಕೆಂದು ಹೇಳುವ 245ರ ಎರಡನೇ ಇಂಡಿಕೇಟರ್ ಸೊನ್ನೆಯೇ ಇರಲಿ. ‘ಶ್ರೀ’ ಇಲ್ಲದ ರೂಪ 246ರಲ್ಲಿ ಕೊಡಿ.

ಪಂಚಾಯ್ತಿ ಲೈಬ್ರರಿ, ಹಾವೇರಿ ಜಿಲ್ಲೆ

ನನ್ನದೊಂದು ಪ್ರಶ್ನಿ. ವಚನದ ಪುಸ್ತಕ ಸಾಹಿತ್ಯಕ್ಕೋ ಧರ್ಮಕ್ಕೋ? ಡ್ಯೂಯಿ ವರ್ಗೀಕರಣದೊಳಗ 894.8141 ಕನ್ನಡ ಕಾವ್ಯ, 294.5513 ಶೈವ. ಪುಸ್ತಕ ಬಂದಂಗ ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಹೋಗಿ ಕುಂತಾವು.

ಕಾರ್ಡಿನ ಕಾಲದವ, ಧಾರವಾಡ

ಮೂಲ ವಚನ ಸಂಕಲನ 894.8141. ಷಟ್‌ಸ್ಥಲದ ವ್ಯಾಖ್ಯಾನ, ತತ್ವದ ಚರ್ಚಾ ಇದ್ರ 294.5513. ವಚನಕಾರರ ಕಾಲದ ಚಳವಳಿ, ಸಮಾಜ ಅಂತ ಇದ್ರ ಅದು ಮತ್ತ ಬ್ಯಾರೆ. ಕಪಾಟಿನ್ಯಾಗ ಒಂದ ಜಾಗಾ, 650ರೊಳಗ ಎರಡೂ ವಿಷಯ ಕೊಡ್ರಿ, ಜಗಳ ಅಲ್ಲಿಗೆ ತೀರ್ತದ. ಲಿಂಗಾಯತ, ವೀರಶೈವ ಅನ್ನೂ ಎರಡು ಪದದ ಬಗ್ಗೆ ನಿಮ್ಮ ಊರಿನ ಓದುಗರು ಕೇಳೇ ಕೇಳ್ತಾರ. ಒಂದು ಒಪ್ಪಿದ ವಿಷಯದ ಹೆಸರು, ಇನ್ನೊಂದು ‘ನೋಡಿ’. ಯಾವುದು ಮೊದಲು ಅನ್ನೂದನ್ನ ಆಡಳಿತ ಮಂಡಳಿಯವರು ಬರದು ಸಹಿ ಮಾಡಲಿ, ಗ್ರಂಥಪಾಲಕರ ತಲಿಮ್ಯಾಲೆ ಬ್ಯಾಡ.

ಬೆನ್ನಿನ ಲೇಬಲ್ಲಿಗೆ ಕಟ್ಟರ್ ನಂಬರು (ಲೇಖಕರ ಹೆಸರಿಗೆ ರೋಮನ್ ಅಕ್ಷರ, ಅಂಕಿ ಕೊಡೂ ಪದ್ಧತಿ) ಕನ್ನಡಕ್ಕ ಹೊಂದೂದಿಲ್ಲ. ವರ್ಗಸಂಖ್ಯೆ ಕೆಳಗ ಲೇಖಕರ ಅಡ್ಡಹೆಸರಿನ ಮೊದಲ ಎರಡು ಅಕ್ಷರ ಕನ್ನಡದಾಗ ಬರೀರಿ, ಅದರ ಕೆಳಗ ಶೀರ್ಷಿಕೆದ ಮೊದಲ ಅಕ್ಷರ. ಕಾದಂಬರಿ 894.8143 ಕಪಾಟು ಇಷ್ಟರೊಳಗ ನಡೀತದ.

ವಿಶ್ವವಿದ್ಯಾಲಯದ ಸಂಶೋಧಕಿ, ಧಾರವಾಡ

ಸ್ಥಳದ ಹೆಸರಿಗೂ ಒಂದು ಸಾಲು ನಿಯಮ ಬರೆದುಕೊಳ್ಳಿ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್ ಆಗಲಿ 1959ರ ಮೈಸೂರು ರಾಜ್ಯದ ಗೆಜೆಟಿಯರ್ ಆಗಲಿ ‘ಧಾರವಾಡ ಜಿಲ್ಲೆ’ ಅಂದರೆ ನಿಮ್ಮ ಊರೂ ಒಳಗೇ ಇದೆ. ಸ್ಥಳದ ಫೀಲ್ಡ್ 651ರಲ್ಲಿ ಧಾರವಾಡ ಒಂದನ್ನೇ ಹಾಕಿದರೆ ಗದಗಿನ ಇತಿಹಾಸ ಹುಡುಕುವ ವಿದ್ಯಾರ್ಥಿಗೆ ಆ ಪುಸ್ತಕ ಸಿಗುವುದೇ ಇಲ್ಲ. ಧಾರವಾಡ, ಗದಗ, ಹಾವೇರಿ ಅಂತ ಮೂರು 651 ಕೊಡಿ. ವರ್ಗಸಂಖ್ಯೆ ಹೇಗಿದ್ದರೂ 954.87ರ ಕೆಳಗೇ ಬರುತ್ತದೆ.

ಗದಗಿನ ಗ್ರಂಥಪಾಲಕಿ

ಉಳಿದದ್ದು ಹೊಲಿದ ಪುಸ್ತಕಗಳು. ಈಗ ಕೈಯಲ್ಲಿ ಒಂದಿದೆ: ಕೆಂಪು ಬಟ್ಟೆಯ ಬೆನ್ನು, ಒಳಗೆ ಮೂರು ಪುಸ್ತಕ. ಮೊದಲನೆಯದಕ್ಕೆ ಮುಖಪುಟವೇ ಇಲ್ಲ, ಪ್ರತಿ ಪುಟದ ತಲೆಯಲ್ಲಿ ಮಾತ್ರ ಹೆಸರಿದೆ. ಎರಡನೆಯದರಲ್ಲಿ ‘ಶಕ 1840’ ಅಂತ ಮಾತ್ರ ಇದೆ, ಧಾರವಾಡದಲ್ಲಿ ಅಚ್ಚಾಗಿದೆ. ಮೂರನೆಯದು ಮರಾಠಿ ಕಾದಂಬರಿಯ ಕನ್ನಡ ರೂಪ. ಮೂರಕ್ಕೂ ಸೇರಿ ಒಂದೇ ಅಕ್ಸೆಷನ್ ನಂಬರ್ ಕೊಟ್ಟಿದ್ದಾರೆ.

ಕಾರ್ಡಿನ ಕಾಲದವ, ಧಾರವಾಡ

ಮೊದಲ ಪ್ರಶ್ನಿ: ಪ್ರಕಾಶಕರ ಕೂಡಿಸಿ ಅಚ್ಚ ಹಾಕ್ಯಾರೋ, ಆಮ್ಯಾಲೆ ಯಾರೋ ಹೊಲದಾರೋ? ಪುಟಸಂಖ್ಯೆ ಮೂರಕ್ಕೂ ಒಂದರಿಂದ ಶುರು ಆಗಿ, ಕಾಗದ, ಅಚ್ಚು ಬ್ಯಾರೆ ಬ್ಯಾರೆ ಇದ್ರ ಹೊಲದದ್ದು. ಹಂಗಿದ್ರ ಮೂರು ರೆಕಾರ್ಡ್ ಮಾಡ್ರಿ, ಪ್ರತಿಯೊಂದರ 501ರೊಳಗ ‘ಇದರೊಡನೆ ರಟ್ಟು ಕಟ್ಟಿದ್ದು’ ಅಂತ ಉಳದ ಎರಡರ ಹೆಸರು ಬರೀರಿ. ಪ್ರಕಾಶಕರ ಕೂಡಿಸಿದ್ದಾದ್ರ ಒಂದ ರೆಕಾರ್ಡ್, ಒಳಗಿನ ಪರಿವಿಡಿ 505ಕ್ಕ.

ಮುಖಪುಟ ಇಲ್ಲದ್ದಕ್ಕ ಪುಟದ ತಲಿಮ್ಯಾಲಿನ ಹೆಸರನ್ನ 245ರೊಳಗ ಹಾಕಿ, ‘ಶೀರ್ಷಿಕೆ ಪುಟದ ತಲೆಬರಹದಿಂದ, ಮುಖಪುಟ ಇಲ್ಲ’ ಅಂತ ಪುಸ್ತಕದ ರೆಕಾರ್ಡಿನ ಟಿಪ್ಪಣಿ ಫೀಲ್ಡು 500ರೊಳಗ ಹೇಳ್ರಿ. ಶಕಕ್ಕ 78 ಕೂಡಸ್ರಿ, 1918 ಬರ್ತದ. ಆದರ ಶಕ ವರ್ಷ ಯುಗಾದಿಗೆ ಶುರು ಆಗ್ತದ, ಜನವರಿಯಿಂದ ಮುಂದ ಯುಗಾದಿ ತನಕ ಅಚ್ಚಾಗಿದ್ರ 1919. ತಿಂಗಳು ಗೊತ್ತಿಲ್ಲ ಅಂದ್ರ ಪ್ರಕಾಶನದ ವಿವರ ಬರೂ 264ರೊಳಗ ‘ಶಕ 1840 [1918 ಅಥವಾ 1919]’ ಅಂತ ಎರಡೂ ಇಡ್ರಿ. ಸಂವತ್ಸರದ ಹೆಸರು, ಮಾಸ, ತಿಥಿ ಏನರ ಮುನ್ನುಡಿ ಕೆಳಗ ಸಿಕ್ರ ಅದರಿಂದ ಗಟ್ಟಿ ಆಗ್ತದ, ಹಳೇ ಪುಸ್ತಕದಾಗ ಬಹಳ ಸಲ ಅಲ್ಲೇ ಇರ್ತದ, ನೋಡಿ.

ಕೋಹಾ ಹುಡುಗ, ಹುಬ್ಬಳ್ಳಿ

ಬಾರ್‌ಕೋಡ್ ಒಂದೇ ಇರುವುದರಿಂದ ಐಟಂ (ಕೈಯಲ್ಲಿರುವ ಪ್ರತಿಯ ದಾಖಲೆ) ಮೊದಲ ರೆಕಾರ್ಡ್‌ಗೆ ಮಾತ್ರ ಹಚ್ಚಿ. ಉಳಿದೆರಡರಿಂದ 773ರಲ್ಲಿ ಆ ಹೋಸ್ಟ್ ಐಟಂಗೆ ಲಿಂಕ್ ಕೊಡಿ, ‘ಈಸಿ ಅನಲಿಟಿಕಲ್ ರೆಕಾರ್ಡ್ಸ್’ ಆನ್ ಮಾಡಿದರೆ ಆ ಮೆನು ಬರುತ್ತದೆ. ಆಗ ಮೂರರಲ್ಲಿ ಯಾವುದನ್ನು ಹುಡುಕಿದರೂ ಅದೇ ಕೆಂಪು ಪುಸ್ತಕ ತೋರಿಸುತ್ತದೆ, ಒಬ್ಬರು ಒಯ್ದರೆ ಮೂರೂ ಹೊರಗೆ ಹೋದಂತೆ ಕಾಣುತ್ತದೆ. ಮೂರಕ್ಕೂ ಬೇರೆ ಬೇರೆ ಐಟಂ ಮಾಡಿದರೆ ಸ್ಟಾಕ್ ಪರಿಶೀಲನೆಯಲ್ಲಿ ಎರಡು ಪುಸ್ತಕ ಕಳೆದಿವೆ ಅಂತ ಬರುತ್ತದೆ.

ಮರಾಠಿ ಮೂಲದ್ದಕ್ಕೆ ಭಾಷೆಯ ಫೀಲ್ಡ್ 041ರ ಮೊದಲ ಇಂಡಿಕೇಟರ್ 1, ಸಬ್‌ಫೀಲ್ಡ್ ‘ಎ’ಯಲ್ಲಿ ಕನ್ನಡದ ಕೋಡ್, ‘ಎಚ್’ನಲ್ಲಿ ಮರಾಠಿಯದ್ದು.

ಗದಗಿನ ಗ್ರಂಥಪಾಲಕಿ

ಮೂರನೆಯದರ ಮುಖಪುಟದಲ್ಲಿ ಅನುವಾದ ಅಂತ ಎಲ್ಲೂ ಬರೆದಿಲ್ಲ. ಮುನ್ನುಡಿಯಲ್ಲಿ ಮಾತ್ರ ‘ಮರಾಠಿಯ ಆಧಾರದಿಂದ’ ಅಂದಿದ್ದಾರೆ. ಮೂಲ ಲೇಖಕರ ಹೆಸರಿಲ್ಲ.

ವಿಶ್ವವಿದ್ಯಾಲಯದ ಸಂಶೋಧಕಿ, ಧಾರವಾಡ

ಹಾಗಾದರೆ 041ರಲ್ಲಿ ಮರಾಠಿ ಬೇಡ. ಆಗಿನ ಕಾಲದಲ್ಲಿ ‘ಆಧಾರದಿಂದ’ ಅಂದರೆ ಸಾಲು ಸಾಲಾಗಿ ಮಾಡಿದ ಅನುವಾದವೂ ಆಗಬಹುದು, ಕಥೆಯ ಎಲುಬು ಮಾತ್ರ ತೆಗೆದುಕೊಂಡು ಬರೆದ ಹೊಸ ಕಾದಂಬರಿಯೂ ಆಗಬಹುದು. ಕನ್ನಡದ ಲೇಖಕರನ್ನೇ 100ರಲ್ಲಿಡಿ. ಮುನ್ನುಡಿಯ ಆ ಮಾತನ್ನು ಪುಟಸಂಖ್ಯೆ ಸಹಿತ 500ರಲ್ಲಿ ಇದ್ದಂತೆಯೇ ಬರೆಯಿರಿ. ಮೂಲ ಯಾವುದೆಂದು ಯಾರಾದರೂ ಪತ್ತೆ ಹಚ್ಚಿದ ದಿನ 700 ಸೇರಿಸಿದರಾಯಿತು.